ಮಡಚುವ ಚಾಕು ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಲಗನ್ನಲ್ಲ, ಲಾಕನ್ನು

ಆನ್‌ಲೈನಿನಲ್ಲಿ 749 ರೂಪಾಯಿಗೆ ತರಿಸಿದ ಚಾಕು. ಕಪ್ಪು ಬಣ್ಣ ಬಳಿದ ಅಲಗು, ಹಿಡಿಯ ತುದಿಯಲ್ಲಿ ಗಾಜು ಒಡೆಯುವ ಮೊನೆ, ಪಕ್ಕದಲ್ಲಿ ಸೀಟ್ ಬೆಲ್ಟ್ ಕತ್ತರಿಸುವ ಕೊಕ್ಕೆ, ಅಲಗಿನ ಬುಡದಲ್ಲಿ ‘440’ ಎಂಬ ಅಚ್ಚು. ಬಂದ ದಿನ ಕಾಗದವನ್ನು ಸರ್ರನೆ ಸೀಳಿತು. ಮೂರನೇ ವಾರ ತೋಟದ ಡ್ರಿಪ್ ಪೈಪಿಗೆ ಮೊನೆ ಚುಚ್ಚಿ ಸ್ವಲ್ಪ ತಿರುಗಿಸಿದ್ದೇ ತಡ, ತೆರೆದ ಅಲಗನ್ನು ಮಡಚದಂತೆ ಹಿಡಿದಿಡುವ ಲಾಕ್ ಜಾರಿ ಅಲಗು ತೋರುಬೆರಳಿನ ಮೇಲೆ ಮಡಚಿಕೊಂಡಿತು. ನಾಲ್ಕು ಹೊಲಿಗೆ ಬಿತ್ತು. ಬೆರಳು ಮಡಚುವ ಸ್ನಾಯುರಜ್ಜು ತುಂಡಾಗದೆ ಉಳಿದದ್ದು ಪುಣ್ಯ. ಇಂಥದ್ದೇ ಚಾಕು ಬೇರೆ ಬೇರೆ ಹೆಸರಿನಲ್ಲಿ ಇನ್ನೂ ಮಾರಾಟವಾಗುತ್ತಿದೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಅದು ಲೈನರ್ ಲಾಕ್ ಇರುವ ಚಾಕು. ಇಂಥ ಚಾಕುವಿನ ಹಿಡಿಯೊಳಗೆ ಎರಡೂ ಬದಿಗೆ ತೆಳು ಉಕ್ಕಿನ ಪಟ್ಟಿ ಇರುತ್ತದೆ. ಅದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಒಳಮುಖವಾಗಿ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಆ ಸೀಳುಪಟ್ಟಿ ಸ್ಪ್ರಿಂಗಿನಂತೆ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಹಿಂದಿನಿಂದ ಆತು ನಿಲ್ಲುತ್ತದೆ. ಬುಡವನ್ನು ಅಲ್ಲಿ ತುಸು ಓರೆಯಾಗಿ, ಸುಮಾರು 7ರಿಂದ 10 ಡಿಗ್ರಿ, ಉಜ್ಜಿರಬೇಕು. ಆಗ ಪಟ್ಟಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಓರೆ ಹೆಚ್ಚಾದರೆ ಭಾರ ಬಿದ್ದಾಗ ಪಟ್ಟಿ ಪಕ್ಕಕ್ಕೆ ಜಾರುತ್ತದೆ, ಕಡಿಮೆಯಾದರೆ ಕಚ್ಚಿಕೊಂಡು ಬಿಡಿಸಲು ಬಾರದು. ಈ ಚಾಕುವಿನಲ್ಲಿ ಪಟ್ಟಿಯ ದಪ್ಪ ವರ್ನಿಯರ್‌ನಲ್ಲಿ 0.8 ಮಿ.ಮೀ. ಮಾತ್ರ. ಅಲಗಿಗೆ ತಾಗುತ್ತಿದ್ದದ್ದು ಅದರ ಅಂಚಷ್ಟೇ. ಓರೆಯಂತೂ ಸಮವಾಗಿಯೇ ಇರಲಿಲ್ಲ, ಉಜ್ಜಿದ ಒರಟು ಗೀರುಗಳು ಹಾಗೇ ಉಳಿದಿದ್ದವು.

ಚುಚ್ಚಿ ತಿರುಚುವುದು ಲೈನರ್ ಲಾಕಿಗೆ ಅತಿ ಕಷ್ಟದ ಕೆಲಸ. ಹಿಡಿ ತಿರುಚಿಕೊಂಡಾಗ ಪಟ್ಟಿ ಕೂತ ಜಾಗದಿಂದ ಸರಿಯುತ್ತದೆ. ಬಿಗಿಯಾಗಿ ಹಿಡಿದ ಬೆರಳಿನ ಮಾಂಸವೂ ಪಟ್ಟಿಯನ್ನು ಹೊರಕ್ಕೆ ತಳ್ಳಬಹುದು. ಜೇಬಿನ ನೂಲು, ಒಣಗಿದ ಮಣ್ಣು ಸಂದಿಯಲ್ಲಿ ಸೇರಿಕೊಂಡರೆ ಒಳ್ಳೆಯ ಲಾಕ್ ಕೂಡ ಪೂರ್ತಿ ಕೂರುವುದಿಲ್ಲ.

ಕೆಟ್ಟ ಲಾಕ್ ಇರುವ ಚಾಕುವಿಗಿಂತ ಲಾಕೇ ಇಲ್ಲದ ಚಾಕು ಎಷ್ಟೋ ವಾಸಿ. ಲಾಕಿಲ್ಲ ಎಂದು ಗೊತ್ತಿದ್ದರೆ ಕೈ ತಾನಾಗಿಯೇ ಹುಷಾರಾಗಿ ನಡೆಯುತ್ತದೆ, ಅಲಗು ಮಡಚುವ ದಿಕ್ಕಿಗೆ ಭಾರ ಹಾಕುವುದಿಲ್ಲ. ಲಾಕ್ ಇದೆ ಎಂಬ ನಂಬಿಕೆಯೇ ಬೆರಳನ್ನು ಅಲಗಿನ ದಾರಿಗೆ ತಂದಿಡುವುದು.

ಆದ್ದರಿಂದ ಪ್ಯಾಕೆಟ್ ಬಿಚ್ಚಿದ ದಿನವೇ, ವಾಪಸ್ ಕಳಿಸುವ ಅವಧಿ ಇರುವಾಗಲೇ, ಪರೀಕ್ಷೆ ಮಾಡಿ. ಮೊದಲು ಅಲಗಿನ ಬಾಯಿಗೆ ಎರಡು ಸುತ್ತು ಟೇಪ್ ಹಾಕಿ. ಅಲಗನ್ನು ತೆರೆದು, ಬೆಳಕಿಗೆ ಹಿಡಿದು, ಸೀಳುಪಟ್ಟಿ ಬುಡದ ಅಗಲದಲ್ಲಿ ಎಷ್ಟು ದೂರ ಬಂದು ನಿಂತಿದೆ ನೋಡಿ. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಸರಿ. ಅಂಚಿನಲ್ಲೇ ನಿಂತಿದ್ದರೆ ಜಾರುವ ಚಾಕು. ಆಚೆ ಬದಿಯ ಪಟ್ಟಿಗೆ ಹೋಗಿ ತಾಗಿದ್ದರೆ ಸವೆದಾಗ ಮುಂದಕ್ಕೆ ಸರಿಯಲು ಜಾಗವೇ ಉಳಿದಿಲ್ಲ ಎಂದರ್ಥ. ಇದನ್ನು ಇಪ್ಪತ್ತು ಸಲ ತೆರೆದು ನೋಡಿ, ಹತ್ತು ಸಲ ರಭಸದಿಂದ, ಹತ್ತು ಸಲ ನಿಧಾನವಾಗಿ. ನಿಧಾನವಾಗಿ ತೆರೆದಾಗ ಪಟ್ಟಿ ಅರ್ಧಂಬರ್ಧ ಕೂರುವ ಚಾಕುಗಳೇ ಮುಂದೆ ಕೈ ಕೊಡುವುದು.

ಆಮೇಲೆ ಭಾರದ ಪರೀಕ್ಷೆ. ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಟೇಬಲ್ಲಿನ ಅಂಚಿನಲ್ಲಿ ಮಡಿಸಿದ ಬಟ್ಟೆ ಇಟ್ಟು, ಅಲಗಿನ ಬೆನ್ನು ಬಟ್ಟೆಯ ಮೇಲೆ, ಬಾಯಿ ಮೇಲಕ್ಕೆ ಬರುವಂತೆ ಇಡಿ. ಹಿಡಿ ಟೇಬಲ್ಲಿನಾಚೆ ಇರಲಿ. ಹಿಡಿಯನ್ನು ಎರಡೂ ಪಕ್ಕದಿಂದ ಮಾತ್ರ ಹಿಡಿಯಬೇಕು. ಅಲಗು ಒಳಗೆ ಕೂರುವ ಸೀಳಿನ ಮೇಲೆ ಒಂದು ಬೆರಳೂ ಇರಬಾರದು. ಈಗ ಹಿಡಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಾ ಭಾರ ಹೆಚ್ಚಿಸಿ. ಲಾಕ್ ಒಂದೇ ಒಂದು ಸಲ ಜಾರಿದರೂ ಆ ಚಾಕುವನ್ನು ವಾಪಸ್ ಕಳಿಸಿ. ಅಲಗಿನ ಬೆನ್ನನ್ನು ಮರಕ್ಕೆ ಪಟಪಟ ಬಡಿದು ತೋರಿಸುವ ವಿಡಿಯೊಗಳಿವೆ. ಹಾಗೆ ಮಾಡಬೇಡಿ, ಒಳ್ಳೆಯ ಲಾಕೂ ಅದರಿಂದ ಹಾಳಾಗುತ್ತದೆ.

ಅಲಗು ಅಕ್ಕಪಕ್ಕ ಅಲುಗಾಡಿದರೆ ತಿರುಗುವ ಸ್ಕ್ರೂ ಬಿಗಿ ಮಾಡಿ. ಸಾಮಾನ್ಯವಾಗಿ ಟಿ6 ಅಥವಾ ಟಿ8 ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಬಿಟ್ ಬೇಕಾಗುತ್ತದೆ. ಮತ್ತೆ ಸಡಿಲವಾಗದಂತೆ ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂವಿನ ಅಂಟು) ಒಂದು ಚಿಕ್ಕ ಹನಿ ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚುವುದು ಕಷ್ಟ.

ಇನ್ನು ಅಲಗು. ‘440’ ಎಂಬ ಬರಿಯ ಅಂಕಿ ಏನನ್ನೂ ಹೇಳುವುದಿಲ್ಲ. 440ಎ, 440ಬಿ, 440ಸಿ ಎಂದು ಮೂರು ಬೇರೆ ಉಕ್ಕುಗಳಿವೆ. ‘ಎ’ಯಲ್ಲಿ ಇಂಗಾಲ ಶೇ. 0.60ರಿಂದ 0.75, ‘ಸಿ’ಯಲ್ಲಿ ಶೇ. 0.95ರಿಂದ 1.20. ಅಕ್ಷರ ಇಲ್ಲದ ಅಚ್ಚಿನ ಹಿಂದೆ ಶೇ. 0.3ರಷ್ಟೇ ಇಂಗಾಲ ಇರುವ ಮೆದು ಉಕ್ಕೂ ಇರಬಹುದು. ‘ಸರ್ಜಿಕಲ್ ಸ್ಟೀಲ್’ ಎಂಬ ಮಾತಿಗೂ ಇದೇ ಗತಿ. ಹೊಸದರಲ್ಲಿ ಕಾಗದ ಸೀಳುವುದು ಪರೀಕ್ಷೆಯೇ ಅಲ್ಲ, ಯಾವ ತಗಡನ್ನು ಮಸೆದರೂ ಒಂದು ದಿನ ಕಾಗದ ಸೀಳುತ್ತದೆ. ಮರದ ಹಲಗೆಯ ಮೇಲೆ ತೆಂಗಿನ ನಾರಿನ ಹಗ್ಗವನ್ನು ಮೂವತ್ತು ಸಲ ಕತ್ತರಿಸಿ, ಆಮೇಲೆ ಕಾಗದಕ್ಕೆ ಹಚ್ಚಿ. ಬಾಯಿ ಮಡಚಿಕೊಂಡಿದ್ದರೆ ಬಲ್ಬಿನ ಕೆಳಗೆ ಅಂಚಿನುದ್ದಕ್ಕೆ ಬಿಳಿ ಹೊಳಪು ಕಾಣುತ್ತದೆ; ಹಾಗೆ ಕಂಡರೆ ಉಕ್ಕು ಮೆದು, ಅಥವಾ ಹದ ಸರಿಯಾಗಿ ಕೊಟ್ಟಿಲ್ಲ.

ಮಧ್ಯಮ ಬೆಲೆಯಲ್ಲಿ ನಂಬಬಹುದಾದ ಉಕ್ಕುಗಳು 8ಸಿಆರ್13ಎಂಒವಿ, ಎಯುಎಸ್‌-8, ಸ್ವೀಡನ್ನಿನ 12ಸಿ27 ಮತ್ತು 14ಸಿ28ಎನ್. ಡಿ2 ಹರಿತವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒರೆಸದೆ ಬಿಟ್ಟರೆ ತುಕ್ಕಿನ ಚುಕ್ಕೆ ಬರುತ್ತದೆ. ಅಲೆಯಂಥ ಚಿತ್ತಾರದ ಅಗ್ಗದ ‘ಡಮಾಸ್ಕಸ್’ ಅಲಗು ನೋಡಿ ಮರುಳಾಗಬೇಡಿ. ನಿಜವಾದ ಪದರದ ಉಕ್ಕಿನಲ್ಲಿ ಅಲೆಗಳು ಅಲಗಿನ ಬೆನ್ನಿನ ಮೇಲೂ ಗೆರೆಗಳಾಗಿ ಮುಂದುವರಿಯುತ್ತವೆ. ಮೇಲೆ ಮೂಡಿಸಿದ ಚಿತ್ತಾರ ಎರಡು ಪಕ್ಕಗಳಲ್ಲೇ ನಿಂತುಹೋಗುತ್ತದೆ. ಅಮೆರಿಕದ ಸ್ಪೈಡರ್ಕೊ, ಬೆಂಚ್‌ಮೇಡ್ ಹೆಸರಿನ ಹೊಸ ಚಾಕು ಒಂದೂವರೆ ಸಾವಿರಕ್ಕೆ ಸಿಕ್ಕರೆ ಅದು ನಕಲಿ.

ಹಾಗಾದರೆ ಕೊಳ್ಳುವುದು ಏನನ್ನು? ಮನೆ, ತೋಟ, ಪ್ರಯಾಣದ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಫ್ರಾನ್ಸಿನ ಓಪಿನೆಲ್ 8ನೇ ನಂಬರ್. 1890ರಲ್ಲಿ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಓಪಿನೆಲ್ ಆರಂಭಿಸಿದ ಚಾಕು ಇದು. ಅಲಗು 8.5 ಸೆಂ.ಮೀ., ಹಿಡಿ ಮರದ್ದು. 1955ರಲ್ಲಿ ಸೇರಿಸಿದ ಉಕ್ಕಿನ ಉಂಗುರವೇ ಇದರ ಲಾಕ್. ಉಂಗುರ ತಿರುಗಿಸಿದರೆ ಅಲಗು ಮಡಚಬೇಕಾದ ಸೀಳೇ ಮುಚ್ಚಿಹೋಗುತ್ತದೆ. ಜಾರಲು ಲೈನರ್ ಲಾಕಿನಂಥ ಸ್ಪ್ರಿಂಗ್ ಪಟ್ಟಿ ಇಲ್ಲ. ಒಂದೇ ನಿಯಮ: ಉಂಗುರವನ್ನು ಪ್ರತಿ ಸಲ ಬಿಗಿಯಾಗುವವರೆಗೆ ತಿರುಗಿಸಬೇಕು. 2ರಿಂದ 5ನೇ ನಂಬರಿನವಕ್ಕೆ ಉಂಗುರ ಇರುವುದಿಲ್ಲ, ಗಮನಿಸಿ ತೆಗೆದುಕೊಳ್ಳಿ. ನಮ್ಮ ಹವೆಗೆ ಸ್ಟೇನ್‌ಲೆಸ್ ಅಲಗೇ ಸೂಕ್ತ. ಕಾರ್ಬನ್ ಅಲಗು ಸುಲಭವಾಗಿ ಹರಿತವಾಗುತ್ತದೆ, ಆದರೆ ನಿಂಬೆ, ಮಾವಿನಕಾಯಿ, ಹಸಿ ಅಡಿಕೆ ತಾಗಿದರೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಗಿಯಾದರೆ ಉಗುರಿನಲ್ಲಿ ಎಳೆಯುತ್ತಾ ಕೂರಬೇಡಿ. ಉಂಗುರ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿ ಮರಕ್ಕೆ ಕುಟ್ಟಿ; ಅಲಗಿನ ಮೊನೆಯ ಕಡೆ ಹೊರಕ್ಕೆ ಬರುತ್ತದೆ.

ಚಿಕ್ಕಪುಟ್ಟ ಕೆಲಸಕ್ಕಾದರೆ ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್, 91 ಮಿ.ಮೀ. (ಮಡಚಿದಾಗಿನ ಉದ್ದ) ಮಾದರಿ. ಇದರ ಅಲಗಿಗೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ. ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 55–56, ಅಂದರೆ ಬೇಗ ಮೊಂಡಾದರೂ ಐದು ನಿಮಿಷದಲ್ಲಿ ಮಸೆಯಬಹುದು. ಲಾಕ್ ಬೇಕೇ ಬೇಕೆಂದರೆ ಅವರ 111 ಮಿ.ಮೀ. ಮಾದರಿಗಳಲ್ಲಿ ಲಾಕ್ ಇರುವಂಥವು ಸಿಗುತ್ತವೆ.

ಎರಡನ್ನೂ ಮಸೆಯಲು 1000 ಗ್ರಿಟ್ಟಿನ ಕಲ್ಲು ಸಾಕು, ಪ್ರತಿ ಬದಿಗೆ ಸುಮಾರು 20 ಡಿಗ್ರಿ. ತಿರುಗುವ ಜಾಗಕ್ಕೆ ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಡಿ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ಲಾಕ್ ಜಾರುವ ಚಾಕು ಈಗಾಗಲೇ ಮನೆಯಲ್ಲಿದ್ದರೆ ತೋಟದಾಳಿಗೋ ಮಕ್ಕಳಿಗೋ ಕೊಟ್ಟು ಕೈತೊಳೆದುಕೊಳ್ಳಬೇಡಿ, ಡ್ರಾಯರಿನಲ್ಲೂ ಇಡಬೇಡಿ. ಸ್ಕ್ರೂ ಬಿಚ್ಚಿ ಅಲಗನ್ನು ಹಿಡಿಯಿಂದ ಬೇರೆ ಮಾಡಿ, ದಪ್ಪ ರಟ್ಟಿನಲ್ಲಿ ಸುತ್ತಿ ಟೇಪ್ ಹಾಕಿ, ಒಳಗೆ ಅಲಗಿದೆ ಎಂದು ಮೇಲೆ ಬರೆದು ಗುಜರಿಗೆ ಕೊಡಿ.