ತೇವ ಹಿಡಿದ ಗೋಡೆಗೆ ಫೋಮ್ ಇಟ್ಟಿಗೆ ಹಾಳೆ ಅಂಟಿಸಬೇಡಿ

ದೀಪಾವಳಿಗೆ ಮುಂಚೆ ಮನೆಗೆ ಹೊಸ ಕಳೆ ಬರಲಿ, ಖರ್ಚೂ ಕೈಗೆ ಎಟುಕಲಿ ಅನ್ನುವವರೆಲ್ಲ ಈಗ ಮೊದಲು ತರಿಸುವುದು ಫೋಮ್ ಇಟ್ಟಿಗೆ ಹಾಳೆ. ಬಿಳಿ ಇಟ್ಟಿಗೆಯ ಉಬ್ಬು ಅಚ್ಚು ಇರುವ, ಹಿಂದೆ ಅಂಟು ಇರುವ, ಕತ್ತರಿಯಲ್ಲಿ ಕತ್ತರಿಸಬಹುದಾದ ಹಾಳೆ. ಸರಿಯಾದ ಗೋಡೆಗೆ ಹಾಕಿದರೆ ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಗೋಡೆಗೆ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಒಂದು ಬಾಡಿಗೆ ಮನೆಯ ಮಲಗುವ ಕೋಣೆ ಸಾಕ್ಷಿ. ಅದೇ ಅನಾಹುತ ಇನ್ನೊಂದು ಮನೆಯಲ್ಲಿ ಆಗಬಾರದು ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಗ್ರೌಂಡ್ ಫ್ಲೋರ್ ಮನೆ. ಗೋಡೆ 10 ಅಡಿ ಅಗಲ, 9 ಅಡಿ ಎತ್ತರ. ಅದರ ಆಚೆ ಬದಿ ಬಚ್ಚಲುಮನೆ. ಗೋಡೆಗೆ ಇದ್ದದ್ದು ಹಳೆಯ ಡಿಸ್ಟೆಂಪರ್. ಕೆಳಗಿನ ಎರಡು ಅಡಿಯಲ್ಲಿ ಬಣ್ಣ ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿತ್ತು. ಅದನ್ನು ಮುಚ್ಚುವುದಕ್ಕೇ ಹಾಳೆ ತರಿಸಿದ್ದು. 70x77 ಸೆಂಟಿಮೀಟರ್ ಅಳತೆಯ ಹಾಳೆ ಅಡ್ಡಕ್ಕೆ ನಾಲ್ಕು, ಮೇಲಕ್ಕೆ ನಾಲ್ಕು, ಒಟ್ಟು 16. ಕತ್ತರಿಸುವಾಗ ಹಾಳಾಗಬಹುದೆಂದು ಎರಡು ಹೆಚ್ಚಿಗೆ. ಒಂದಕ್ಕೆ ನೂರು ರೂಪಾಯಿಯಂತೆ ₹1,800. ಮಾರಿದವರು ಹೇಳಿದ್ದು ಇಷ್ಟು: ವಾಟರ್‌ಪ್ರೂಫ್, ಯಾವ ಗೋಡೆಗಾದರೂ ಹಿಡಿಯುತ್ತದೆ, ತೇವದ ಕಲೆ ಕಾಣುವುದಿಲ್ಲ.

ಹಬ್ಬದಲ್ಲಿ ಕೋಣೆ ಚೆಂದವೇ ಕಂಡಿತು. ಬೇಸಿಗೆಯೂ ಕಳೆಯಿತು. ಜೂನ್ ಹೊತ್ತಿಗೆ ಕೋಣೆಯ ಬಾಗಿಲು ತೆಗೆದರೆ ಒಣಗದ ಬಟ್ಟೆ ಮುದುರಿಟ್ಟ ವಾಸನೆ. ಆಗಸ್ಟ್‌ನಲ್ಲಿ ಮಂಚದ ಹಿಂದಿನ ಎರಡು ಹಾಳೆ ತಾವಾಗಿಯೇ ಕಳಚಿ ಬಿದ್ದವು. ಬಿದ್ದ ಹಾಳೆಯ ಬೆನ್ನಿಗೆ ಡಿಸ್ಟೆಂಪರ್ ಪೂರ್ತಿ ಅಂಟಿಕೊಂಡು ಬಂದಿತ್ತು, ಜೊತೆಗೆ ಗಾರೆಯ ಪುಡಿಯೂ. ಗೋಡೆಯ ಮೇಲೆ ಕಪ್ಪು ಬೂಷ್ಟು ಅಂಗೈ ಅಗಲದ ಮಚ್ಚೆಗಳಾಗಿ ಹಬ್ಬಿತ್ತು. ಅದರ ನಡುವೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಬೆರಳಲ್ಲಿ ಒತ್ತಿದರೆ ಗಾರೆ ಹಸಿ ಬೆಲ್ಲದ ಹಾಗೆ ಉದುರುತ್ತಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದದ್ದು ಚಿಕ್ಕ ಮಗು. ಕೊನೆಗೆ ಗಾರೆ ಕೆತ್ತಿಸಿ, ಬಚ್ಚಲಿನ ಟೈಲ್ಸ್ ಸಂದು ಮುಚ್ಚಿಸಿ, ಪುಟ್ಟಿ, ಪ್ರೈಮರ್, ಬಣ್ಣ ಎಲ್ಲ ಮುಗಿಯುವಷ್ಟರಲ್ಲಿ ಹಾಳೆಗೆ ಕೊಟ್ಟದ್ದರ ಐದಾರು ಪಟ್ಟು ಹೋಯಿತು. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಂಡದ್ದು ಬೇರೆ.

ಯಾಕೆ ಹೀಗಾಯಿತು? ಎರಡು ಕಾರಣ, ಎರಡೂ ಹಾಳೆ ತರಿಸುವ ಮುಂಚೆಯೇ ಗೋಡೆಯಲ್ಲಿ ಇದ್ದವು.

ಮೊದಲನೆಯದು ತೇವ. ಬಚ್ಚಲಿನ ಟೈಲ್ಸ್ ಸಂದಿನಿಂದ, ನಲ್ಲಿ ಪೈಪಿನ ಜಾಯಿಂಟ್‌ನಿಂದ ಇಳಿದ ನೀರು ಇಟ್ಟಿಗೆಯೊಳಗೆ ಸೇರುತ್ತದೆ. ನೆಲದಿಂದ ಏರುವ ತೇವವಾದರೆ ಸಾಮಾನ್ಯವಾಗಿ ಮೂರಡಿ ಎತ್ತರದವರೆಗೆ ಕಾಣಿಸುತ್ತದೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಯಲ್ಲಿ ಆ ನೀರು ನಿಧಾನವಾಗಿ ಕೋಣೆಯ ಗಾಳಿಗೆ ಆರುತ್ತಿರುತ್ತದೆ. ಫೋಮ್ ಹಾಳೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನದು, ಅದರ ಮೂಲಕ ಆವಿ ಹಾಯುವುದಿಲ್ಲ. ಆರುವ ದಾರಿ ಮುಚ್ಚಿದರೆ ನೀರು ಹಾಳೆಯ ಹಿಂದೆಯೇ ನಿಲ್ಲುತ್ತದೆ, ಇಲ್ಲವೇ ಇನ್ನೂ ಮೇಲಕ್ಕೆ ಏರುತ್ತದೆ. ಕತ್ತಲು, ಒದ್ದೆ, ಗಾಳಿಯಿಲ್ಲದ ಜಾಗ: ಬೂಷ್ಟಿಗೆ ಇನ್ನೇನು ಬೇಕು. ವಾಟರ್‌ಪ್ರೂಫ್ ಅನ್ನುವ ಮಾತು ಸುಳ್ಳಲ್ಲ, ಆದರೆ ಅದರ ಅರ್ಥ ಹಾಳೆಯ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು ಅಂತ ಮಾತ್ರ. ಗೋಡೆಯೊಳಗಿನ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಬಿಡಿಸಿ ಹೇಳದೆ ಮಾರುವುದು ನಮ್ಮ ದೃಷ್ಟಿಯಲ್ಲಿ ಮೋಸ.

ಎರಡನೆಯದು ಹಳೆಯ ಬಣ್ಣ. ಅಂಟು ಹಿಡಿಯುವುದು ಗೋಡೆಯನ್ನಲ್ಲ, ಗೋಡೆಯ ಮೇಲಿನ ಕೊನೆಯ ಪದರವನ್ನು. ಆ ಪದರವೇ ಪುಡಿಯಾಗಿದ್ದರೆ ಎಷ್ಟೇ ಒಳ್ಳೆಯ ಅಂಟಾದರೂ ಪುಡಿಯ ಜೊತೆ ಕೆಳಗೆ ಬರುತ್ತದೆ. ಇದು ಗೊತ್ತಾಗದೆ ಕೆಲವರು ಗಟ್ಟಿಯಾಗಲಿ ಎಂದು ರಬ್ಬರ್ ಗೋಂದು ಬೇರೆ ಬಳಿಯುತ್ತಾರೆ. ಅದು ಇನ್ನೂ ಕೆಟ್ಟದ್ದು, ಕೀಳುವಾಗ ಗಾರೆಯನ್ನೇ ಹೊತ್ತು ಬರುತ್ತದೆ.

ಮಲೆನಾಡು, ಕರಾವಳಿಯವರು ಇನ್ನೂ ಹುಷಾರಾಗಿರಬೇಕು. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಹೊರಗೋಡೆಯ ಒಳಮೈಗೆ ಇಂಥ ಹಾಳೆ ಹಾಕಲೇಬೇಡಿ. ಗೆದ್ದಲಿನ ಕಾಟ ಇರುವ ಮನೆಗಳಲ್ಲೂ ಅಷ್ಟೇ: ಬರಿಗೋಡೆಯಲ್ಲಿ ಗೆದ್ದಲಿನ ಮಣ್ಣುಗೆರೆ ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ, ಹಾಳೆಯ ಹಿಂದೆ ಅದು ಬಾಗಿಲ ಚೌಕಟ್ಟು ಮುಟ್ಟುವವರೆಗೂ ತಿಳಿಯುವುದಿಲ್ಲ.

ಹಾಗಾದರೆ ಗೋಡೆ ಸರಿಯಿದೆಯೋ ಇಲ್ಲವೋ ನೋಡುವುದು ಹೇಗೆ? ಐವತ್ತು ರೂಪಾಯಿಯೂ ಬೇಡ. ಅಂಗೈಯಿಂದ ಗೋಡೆಯನ್ನು ಗಟ್ಟಿಯಾಗಿ ಉಜ್ಜಿ, ಕೈಗೆ ಸುಣ್ಣದಂಥ ಪುಡಿ ಹತ್ತಿದರೆ ಅಂಟು ನಿಲ್ಲುವುದಿಲ್ಲ. ಬ್ಲೇಡಿನಲ್ಲಿ ಬಣ್ಣದ ಮೇಲೆ ಗುಣಿಸು ಗುರುತು ಹಾಕಿ, ಅದರ ಮೇಲೆ ಪಾರದರ್ಶಕ ಟೇಪ್ ಒತ್ತಿ ಪಟ್ಟನೆ ಎಳೆಯಿರಿ. ಟೇಪಿಗೆ ಚಕ್ಕೆ ಬಂದರೆ ಹಾಳೆಗೂ ಬರುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲಾಸ್ಟಿಕ್ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಅರ್ಧ ಅಡಿ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಸಂದಿಲ್ಲದ ಹಾಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಪ್ಲಾಸ್ಟಿಕ್‌ನ ಒಳಮೈಯಲ್ಲಿ ಹನಿ ಅಥವಾ ಮಬ್ಬು ಕಂಡರೆ, ಇಲ್ಲವೇ ಅದರ ಕೆಳಗಿನ ಗೋಡೆಯ ಬಣ್ಣ ಕಪ್ಪಾಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹನಿ ಹೊರಮೈಯಲ್ಲಿ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆ. ಈ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಿ ನೆಮ್ಮದಿಯಾಗಿರಬೇಡಿ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಗೋಡೆ ಆಷಾಢದಲ್ಲಿ ತನ್ನ ಬುದ್ಧಿ ತೋರಿಸುತ್ತದೆ. ಮಳೆ ಹಿಡಿದ ಮೇಲೆ ಇನ್ನೊಮ್ಮೆ ಮಾಡಿ.

ಗೋಡೆ ಎಲ್ಲದರಲ್ಲೂ ಪಾಸಾದರೆ ಮಾತ್ರ ಮುಂದಿನ ಮಾತು. 120 ನಂಬರಿನ ಎಮರಿ ಪೇಪರ್‌ನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿ, ಒಂದು ಕೋಟ್ ಪ್ರೈಮರ್ ಹೊಡೆದು ಒಂದು ದಿನ ಪೂರ್ತಿ ಒಣಗಲು ಬಿಡಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಹಳೆಯ ಆಯಿಲ್ ಪೇಂಟ್ ಇದ್ದರೆ ಒಣಗಿದ್ದನ್ನು ಉಜ್ಜಲೇಬೇಡಿ, ನೀರು ಸವರಿ ಉಜ್ಜಿ: ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಹಾಳೆಯನ್ನು ತೂಕ ಕಟ್ಟಿದ ದಾರದ ನೇರಕ್ಕೆ ಹಚ್ಚುತ್ತ ಬನ್ನಿ, ನೆಲದಿಂದ ಒಂದಿಂಚು ಬಿಡಿ. ಇಲ್ಲದಿದ್ದರೆ ನೆಲ ಒರೆಸುವ ನೀರು ಅಂಚಿನಿಂದ ಒಳಗೆ ಹೋಗುತ್ತದೆ. ಸ್ವಿಚ್ ಬೋರ್ಡಿನ ಹತ್ತಿರ ಕತ್ತರಿಸುವಾಗ ಮೇನ್ ಆಫ್ ಮಾಡಿ.

ಒಲೆಯ ಹಿಂದೆ, ದೇವರ ದೀಪದ ಹಿಂದೆ ಈ ಹಾಳೆ ಬೇಡವೇ ಬೇಡ. ಪಾಲಿಎಥಿಲೀನ್ ಸುಮಾರು 110 ಡಿಗ್ರಿಗೆ ಕರಗತೊಡಗುತ್ತದೆ, ಕಿಡಿ ತಗುಲಿದರೆ ಉರಿಯುತ್ತ ತೊಟ್ಟಿಕ್ಕುತ್ತದೆ. ದೇವರ ಮನೆ ಚೆಂದ ಕಾಣಲಿ ಎಂದು ನಂದಾದೀಪದ ಬೆನ್ನಿಗೇ ಫೋಮ್ ಅಂಟಿಸಿದ್ದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಇವತ್ತೇ ತೆಗೆಯಿರಿ.

ಗೋಡೆ ಫೇಲಾದರೆ? ಕಡಿಮೆ ಖರ್ಚಿನ ದಾರಿ ಬೇರೆ ಇವೆ. ನೀರಿನ ಮೂಲ ಮುಚ್ಚಿಸಿ ಗೋಡೆ ಒಣಗಿದ ಮೇಲೆ ಒಂದೇ ಗೋಡೆಗೆ ಬೇರೆ ಬಣ್ಣ ಹೊಡೆಸಬಹುದು. 90 ಚದರಡಿಗೆ ಎರಡು ಕೋಟ್ ಹೊಡೆಯಲು ಒಳಾಂಗಣ ಎಮಲ್ಷನ್ ಒಂದು ಲೀಟರ್ ಹೆಚ್ಚುಕಡಿಮೆ ಸಾಕು, ಗೋಡೆ ಒರಟಾಗಿದ್ದರೆ ಅರ್ಧ ಲೀಟರ್ ಹೆಚ್ಚು. ಪ್ರೈಮರ್ ಒಂದು ಲೀಟರ್. ತೂತು, ಗೀರು ಮುಚ್ಚಲು ವೈಟ್ ಸಿಮೆಂಟ್ ಪುಟ್ಟಿ 5 ಕೆಜಿ ಚೀಲ. ಹಳೆಯ ಸುಣ್ಣದ ಗಾರೆಯ ಮನೆಯಾದರೆ ಮತ್ತೆ ಸುಣ್ಣವೇ ಒಳ್ಳೆಯದು, ಗೋಡೆ ಉಸಿರಾಡುತ್ತದೆ. ಇನ್ನು ಬಾಡಿಗೆ ಮನೆಯವರಿಗೆ ಎಲ್ಲಕ್ಕಿಂತ ಸುಲಭವಾದದ್ದು ಬಟ್ಟೆ: ಕರ್ಟನ್ ರಾಡ್ ಒಂದಕ್ಕೆ ಹಳೆಯ ಇಳಕಲ್ ಸೀರೆಯನ್ನೋ ಅಜ್ಜಿ ಹೊಲಿದ ಕೌದಿಯನ್ನೋ ಇಳಿಬಿಡಿ. ಗೋಡೆಗೂ ಬಟ್ಟೆಗೂ ಎರಡಿಂಚು ಅಂತರವಿದ್ದರೆ ಗಾಳಿ ಆಡುತ್ತದೆ, ಒಗೆಯಲೂ ಬರುತ್ತದೆ. ಕೌದಿ ತೂಗಿದ ಗೋಡೆಯ ಮುಂದೆ ಪ್ಲಾಸ್ಟಿಕ್ ಇಟ್ಟಿಗೆ ಯಾವ ಲೆಕ್ಕ.

ಈಗಾಗಲೇ ಅಂಟಿಸಿರುವವರು ಮಂಚದ ಅಥವಾ ಬೀರುವಿನ ಹಿಂದಿನ ಕೆಳಮೂಲೆಯ ಹಾಳೆಯನ್ನು ನಾಲ್ಕು ಬೆರಳಷ್ಟು ಎತ್ತಿ ನೋಡಿ. ಗೋಡೆ ಒಣಗಿದ್ದು, ವಾಸನೆ ಇಲ್ಲದಿದ್ದರೆ ಮತ್ತೆ ಒತ್ತಿಬಿಡಿ. ಒದ್ದೆ ಇದ್ದರೆ ಪೂರ್ತಿ ತೆಗೆಯಬೇಕು. ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ, ಹಾಳೆಯನ್ನು ಗೋಡೆಗೆ ಸಮಾನಾಂತರವಾಗಿ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ನೇರ ಹೊರಕ್ಕೆ ಎಳೆದರೆ ಗಾರೆ ಬರುತ್ತದೆ. ಉಳಿದ ಅಂಟನ್ನು ಬಿಸಿನೀರು, ಸೋಪಿನಲ್ಲಿ ತೆಗೆಯಿರಿ. ಸೀಮೆಎಣ್ಣೆ ಬೇಡ, ಅದರ ಜಿಡ್ಡಿನ ಮೇಲೆ ಮುಂದೆ ಬಣ್ಣ ಕೂರುವುದಿಲ್ಲ.

ಕಪ್ಪು ಬೂಷ್ಟನ್ನು ಒಣಗಿದಾಗ ಕೆರೆದರೆ ಕೋಣೆಯೆಲ್ಲ ಹಾರುತ್ತದೆ. ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ದ್ರವ ಬ್ಲೀಚ್ ಒಂದು ಪಾಲಿಗೆ ನೀರು ನಾಲ್ಕು ಪಾಲು ಸೇರಿಸಿ ಒರೆಸಿ. ಆ ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಬಾರದು, ವಿಷದ ಅನಿಲ ಬರುತ್ತದೆ. ಬಿಳಿ ಉಪ್ಪಿನದು ತದ್ವಿರುದ್ಧ: ಒಂದು ಹನಿ ನೀರು ಹಾಕಿದರೆ ಕರಗುತ್ತದೆ, ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಆದ್ದರಿಂದ ಅದು ಇರುವ ಕಡೆ ಒಣ ಬ್ರಷ್‌ನಲ್ಲಿ ಉಜ್ಜಿ, ಪುಡಿಯನ್ನು ಕಾಗದದಲ್ಲಿ ಹಿಡಿದು ಹೊರಗೆ ಹಾಕಿ. ಆಮೇಲೆ ಫ್ಯಾನ್ ಹಾಕಿ ಗೋಡೆಯನ್ನು ಒಣಗಲು ಬಿಡಿ. ಹೊಸ ಗಾರೆ ಹಾಕಿಸಿದ್ದರೆ 28 ದಿನವಾದರೂ ಕಾಯಿರಿ, ಮೇಸ್ತ್ರಿ ಮುಂದಿನ ವಾರವೇ ಬಣ್ಣ ಹೊಡೆಯೋಣ ಅಂದರೂ ಒಪ್ಪಬೇಡಿ. ಪುಟ್ಟಿ ಹಾಕಿಸುವ ಎರಡು ದಿನ ಮುಂಚೆ, ಪರೀಕ್ಷೆಗೆ ಬಳಸಿದ ಅದೇ ಪ್ಲಾಸ್ಟಿಕ್ ತುಂಡನ್ನು ತೆಗೆದು ಮತ್ತೊಮ್ಮೆ ಹಚ್ಚಿ ನೋಡಿ.