ಒಂದೇ ಲಾಗ್ ಕಡತ, ಅಗೆಯುವ ದಾರಿ ಮೂರು

ಜಾಲತಾಣಕ್ಕೆ ಬಂದವರು ಒಳಗೆ ಹೇಗೆ ಓಡಾಡುತ್ತಾರೆ ಎಂದು ತಿಳಿಯಲು ಸಾಹಚರ್ಯ ನಿಯಮ (ಯಾವ ಪುಟಗಳು ಜೊತೆಯಾಗಿ ಬರುತ್ತವೆ), ಕ್ಲಸ್ಟರಿಂಗ್ (ಒಂದೇ ಬಗೆಯ ಭೇಟಿಗಳನ್ನು ಗುಂಪು ಮಾಡುವುದು), ಅನುಕ್ರಮ ಮಾದರಿ (ಯಾವುದರ ನಂತರ ಯಾವುದು) ಈ ಮೂರನ್ನೂ ಒಂದೇ ಸರ್ವರ್ ಲಾಗ್, ಅಂದರೆ ತಾಣಕ್ಕೆ ಬಂದ ಪ್ರತಿ ವಿನಂತಿಯೂ ಒಂದೊಂದು ಸಾಲಾಗಿ ದಾಖಲಾಗುವ ಕಡತದ ಮೇಲೆ ಪ್ರಯೋಗಿಸಿ ನೋಡಿದೆ. ನನ್ನ ಮತ ಮೂರನೆಯದಕ್ಕೆ.

ಆದರೆ ಅದಕ್ಕೂ ಮೊದಲು ಲಾಗ್ ತೊಳೆಯುವ ಕೆಲಸವಿದೆ, ಹೆಚ್ಚಿನ ಸಮಯ ಹೋಗುವುದೂ ಅಲ್ಲಿಯೇ. ಒಂದು ಪುಟ ತೆರೆದರೆ ಚಿತ್ರ, ಸ್ಕ್ರಿಪ್ಟ್, ಸ್ಟೈಲ್ ಕಡತಗಳೆಂದು ಹತ್ತಾರು ಸಾಲು ಬೀಳುತ್ತವೆ, ಅವನ್ನೆಲ್ಲ ಕಿತ್ತೆಸೆಯಬೇಕು. ತಾವಾಗಿಯೇ ಪುಟ ಕೇಳುವ ಪ್ರೋಗ್ರಾಂಗಳಾದ ಬಾಟ್‌ಗಳಲ್ಲಿ ಕೆಲವು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತವೆ, ಉಳಿದವು ಬ್ರೌಸರ್ ವೇಷದಲ್ಲಿ ಬರುತ್ತವೆ. ಚಿತ್ರಗಳನ್ನು ಮುಟ್ಟದೆ, ಗಡಿಯಾರ ಹಿಡಿದಂತೆ ಪುಟದ ಮೇಲೆ ಪುಟ ಕೇಳುವವರು ಮನುಷ್ಯರಲ್ಲವೆಂದು ಧಾರಾಳವಾಗಿ ಅನುಮಾನಿಸಬಹುದು. ಆಮೇಲೆ ಸಾಲುಗಳನ್ನು ಭೇಟಿಗಳಾಗಿ ಕತ್ತರಿಸಬೇಕು. 30 ನಿಮಿಷ ಸದ್ದಿಲ್ಲದಿದ್ದರೆ ಭೇಟಿ ಮುಗಿಯಿತು ಎಂಬುದು ರೂಢಿ. ಅದರ ಬೇರು ಕ್ಯಾಟ್ಲೆಜ್ ಮತ್ತು ಪಿಟ್‌ಕೋ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭೇಟಿಯ ಗಡಿಯಾಗಿ ಇಟ್ಟ 25.5 ನಿಮಿಷದಲ್ಲಿದೆ. ದೀರ್ಘ ಲೇಖನಗಳಿರುವ ತಾಣಕ್ಕೆ ಈ ಗಡಿ ಬಿಗಿಯಾಯಿತೆಂದೇ ನನ್ನ ಅನಿಸಿಕೆ.

ಸಾಹಚರ್ಯ ನಿಯಮಗಳಿಗೆ ಅಪ್ರಿಯೋರಿ ಬಳಸಿದೆ. ರಾಕೇಶ್ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1994ರಲ್ಲಿ ಮುಂದಿಟ್ಟ ಈ ವಿಧಾನದ ಮೂಲ ಗುರಿ ಅಂಗಡಿಯ ಖರೀದಿ ಪಟ್ಟಿಗಳು. ಲಾಗ್‌ಗೆ ಹಚ್ಚಿದರೆ ಮೊದಲ ಫಲಿತಾಂಶ ನಗು ತರಿಸುತ್ತದೆ: ಯಾವ ಪುಟ ನೋಡಿದವರೂ ಮುಖಪುಟವನ್ನು ನೋಡಿದ್ದಾರೆ! ನೂರರಲ್ಲಿ 80 ಭೇಟಿಗಳಲ್ಲಿ ಮುಖಪುಟ ಇದ್ದೇ ಇರುವಾಗ, ಶೇ 80ರ ವಿಶ್ವಾಸವಿರುವ (ಅಂದರೆ ಒಂದು ಪುಟ ನೋಡಿದವರಲ್ಲಿ ಶೇ 80 ಮಂದಿ ಮುಖಪುಟವನ್ನೂ ನೋಡಿದ್ದಾರೆ ಎನ್ನುವ) ನಿಯಮ ಹೊಸದೇನನ್ನೂ ಹೇಳುವುದಿಲ್ಲ. ಅದರ ಲಿಫ್ಟ್, ಅಂದರೆ ಆ ವಿಶ್ವಾಸವು ಸಾಮಾನ್ಯ ಪ್ರಮಾಣದ ಎಷ್ಟು ಪಟ್ಟು ಎಂಬ ಅಳತೆ, 1; ಅಂದರೆ ಶೂನ್ಯ ಸುದ್ದಿ. ಮೆನುವಿನ ಪುಟಗಳನ್ನು ತೆಗೆದು, ಲಿಫ್ಟ್ ಪ್ರಕಾರ ಜೋಡಿಸಿದ ಮೇಲೆ ಪ್ರಯೋಜನ ಕಂಡಿತು: ನಡುವೆ ಕೊಂಡಿಯೇ ಇಲ್ಲದ ಎರಡು ಪುಟಗಳನ್ನು ಜನ ಜೊತೆಯಾಗಿ ಓದುತ್ತಿದ್ದರು. ಕೊಂಡಿ ಹಾಕಬೇಕಾದ ಜಾಗ ಸಿಕ್ಕಿತು. 2000ದಲ್ಲಿ ಬಂದ ಎಫ್‌ಪಿ-ಗ್ರೋತ್ ಕೊಡುವುದೂ ಇವೇ ನಿಯಮಗಳನ್ನು, ಬೇಗ ಕೊಡುತ್ತದೆ ಅಷ್ಟೆ.

ಪ್ರತಿ ಭೇಟಿಯನ್ನೂ ಅತಿ ಹತ್ತಿರದ ಗುಂಪಿನ ಕೇಂದ್ರಕ್ಕೆ ಸೇರಿಸುವ ಕೆ-ಮೀನ್ಸ್ ಕ್ಲಸ್ಟರಿಂಗ್ ನನಗೆ ಹಿಡಿಸಲಿಲ್ಲ. ಗುಂಪುಗಳೆಷ್ಟು ಎಂದು ಮೊದಲೇ ಹೇಳಬೇಕು. ಆರಂಭದ ಬಿಂದು ಬದಲಾದರೆ ಗುಂಪೂ ಬದಲಾಗುತ್ತದೆ. ನೋಡದ ಪ್ರತಿ ಪುಟಕ್ಕೂ ಒಂದು ಸೊನ್ನೆಯಾದ್ದರಿಂದ ಪ್ರತಿ ಭೇಟಿಯೂ ಸೊನ್ನೆಗಳೇ ತುಂಬಿದ ಸಾಲು, ಹಾಗಾಗಿ ಎರಡೇ ಪುಟ ನೋಡಿ ಹೋದವರೆಲ್ಲ, ಅವು ಯಾವ ಪುಟಗಳೇ ಆಗಿರಲಿ, ಒಂದೇ ರಾಶಿಗೆ ಬಿದ್ದರು. ಪುಟದಲ್ಲಿ ಕಳೆದ ಸಮಯವನ್ನು ಸೇರಿಸೋಣವೆಂದರೆ ಮುಂದಿನ ವಿನಂತಿ ಬಂದಾಗಲಷ್ಟೇ ಅದು ಲೆಕ್ಕಕ್ಕೆ ಸಿಗುತ್ತದೆ. ಕೊನೆಯ ಪುಟದ ಸಮಯ ಲಾಗ್‌ನಲ್ಲಿ ಇರುವುದೇ ಇಲ್ಲ. 'ಅವಸರದವರು', 'ಸಂಶೋಧಕರು' ಎಂಬ ಚೆಂದದ ಹೆಸರುಗಳನ್ನು ಇಡುವವರು ನಾವೇ, ಯಂತ್ರವಲ್ಲ. ಸಭೆಯಲ್ಲಿ ತೋರಿಸಲು ಮಾತ್ರ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅನುಕ್ರಮ ಮಾದರಿಗೆ 2001ರ ಪ್ರಿಫಿಕ್ಸ್‌ಸ್ಪ್ಯಾನ್ ಎಂಬ ವಿಧಾನ ಹಿಡಿದೆ. ಒಂದು ಸಾಲು ಮತ್ತೆ ಮತ್ತೆ ಎದ್ದು ಬಂದಿತು: ನೋಂದಣಿ ಅರ್ಜಿ, ಸಹಾಯ, ನೋಂದಣಿ ಅರ್ಜಿ, ಸಹಾಯ, ಅಲ್ಲಿಗೆ ಮುಕ್ತಾಯ. ಅಪ್ರಿಯೋರಿಗೆ ಇದು ಜೊತೆಗಿರುವ ಎರಡು ಪುಟ, ಕೆ-ಮೀನ್ಸ್‌ಗೆ ಎರಡು ಎಣಿಕೆ. ಕ್ರಮ ಕಂಡಾಗಲೇ ಅದು ಒದ್ದಾಟವೆಂದು ತಿಳಿಯುವುದು. ಅರ್ಜಿ ತೆರೆದು ನೋಡಿದರೆ ಜನ್ಮದಿನಾಂಕವನ್ನು ಯಾವ ಕ್ರಮದಲ್ಲಿ ತುಂಬಬೇಕೆಂಬ ಸೂಚನೆ ಅಲ್ಲಿರಲಿಲ್ಲ, ಸಹಾಯ ಪುಟದ ತಳದಲ್ಲಿತ್ತು.

ಇದಕ್ಕೂ ತಂಟೆಗಳಿವೆ. ಕನಿಷ್ಠ ಬೆಂಬಲದ (ಒಂದು ಮಾದರಿ ಕಡಿಮೆಯೆಂದರೆ ಎಷ್ಟು ಭೇಟಿಗಳಲ್ಲಿ ಕಾಣಬೇಕು ಎಂಬ) ಮಿತಿಯನ್ನು ತುಸು ಇಳಿಸಿದರೆ ಮಾದರಿಗಳು ಪ್ರವಾಹವಾಗಿ ನುಗ್ಗುತ್ತವೆ. ಮೇಲಿನಿಂದ ಆರಂಭಿಸಿ ನಿಧಾನಕ್ಕೆ ಇಳಿಯುವುದೇ ಕ್ಷೇಮ. ಬ್ರೌಸರ್ ತನ್ನ ಸಂಗ್ರಹದಿಂದಲೇ ಹಿಂದಿನ ಪುಟ ತೋರಿಸಿದರೆ ಆ ಹೆಜ್ಜೆ ಸರ್ವರ್‌ಗೆ ತಲುಪುವುದಿಲ್ಲ, ಸಾಲಿನಲ್ಲಿ ತೂತು ಉಳಿಯುತ್ತದೆ. ಇಷ್ಟೆಲ್ಲ ಹೊರೆ ಬೇಡವೆನ್ನುವವರು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಸಂಭವವನ್ನಷ್ಟೇ ಲೆಕ್ಕ ಹಾಕುವ ಮಾರ್ಕೋವ್ ಸರಪಳಿಯಿಂದ ಆರಂಭಿಸಬಹುದು. ಒಂದು ಹೆಜ್ಜೆಗಿಂತ ಹಿಂದಿನದು ಅದಕ್ಕೆ ನೆನಪಿರುವುದಿಲ್ಲವಾದರೂ ಸಹಾಯ ಪುಟದಿಂದ ಎಷ್ಟು ಜನ ಅರ್ಜಿಗೆ ಮರಳುತ್ತಾರೆ ಎಂಬುದನ್ನು ಹೇಳಲು ಅಷ್ಟೇ ಸಾಕು.