ಹೊಸ ರೆಸಾರ್ಟ್ ಪಟ್ಟಣದಲ್ಲೋ, ಬೆಟ್ಟದಲ್ಲೋ?

ಟೈಮ್‌ಶೇರ್ (ಮೊದಲೇ ಹಣ ಕಟ್ಟಿ, ವರ್ಷಕ್ಕೆ ಇಂತಿಷ್ಟು ದಿನ ಕಂಪನಿಯ ರೆಸಾರ್ಟುಗಳಲ್ಲಿ ತಂಗುವ ಯೋಜನೆ) ಸದಸ್ಯರು ಸೇರಿದರೆ ಇದೇ ಚರ್ಚೆ: ಮುಂದಿನ ರೆಸಾರ್ಟ್ ಮೈಸೂರಿನಂಥ ಊರಲ್ಲಿರಲಿ ಎಂದು ಕೆಲವರು, ಮಡಿಕೇರಿಯಂಥ ಕಡೆಯೇ ಬೇಕೆಂದು ಉಳಿದವರು. ಹೋದರೂ ಹೋಗದಿದ್ದರೂ ವಾರ್ಷಿಕ ಶುಲ್ಕ ಕಟ್ಟಲೇಬೇಕು. ಹಾಗಾಗಿ ವರ್ಷಕ್ಕೆ ನಿಜಕ್ಕೂ ಎಷ್ಟು ಸಲ ಹೊರಡುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ಪ್ರಯಾಣದ ವಿಷಯಕ್ಕೆ ಬಂದರೆ ಊರಿನದೇ ಮೇಲುಗೈ. ಮೈಸೂರಿಗೆ ರೈಲಿದೆ, ಕೊಡಗು ಜಿಲ್ಲೆಗೆ ರೈಲೇ ಇಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ರಸ್ತೆ, ಕೊನೆಗೆ ಘಾಟಿಯ ತಿರುವುಗಳು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದು ಸಣ್ಣ ಮಾತಲ್ಲ.

ಊಟದ ಖರ್ಚೂ ಹಾಗೇ. ಊರಲ್ಲಿ ಗೇಟು ದಾಟಿದರೆ ಮಸಾಲೆ ದೋಸೆ. ಬೆಟ್ಟದಲ್ಲಿ ಮೂರು ಹೊತ್ತೂ ರೆಸಾರ್ಟಿನ ಬಫೆಗೇ ಗತಿ, ಬಿಲ್ ಏರುವುದು ಅಲ್ಲೇ.

ಆದರೆ ಎರಡು ರಾತ್ರಿ ಅರಮನೆ, ಝೂ ನೋಡಲು ಸಾಧಾರಣ ಹೋಟೆಲೇ ಸಾಕು. ಅದಕ್ಕೆ ಸದಸ್ಯತ್ವದ ದಿನಗಳನ್ನು ಸುಡುವುದು ನನಗಂತೂ ದಂಡ ಅನ್ನಿಸುತ್ತದೆ, ಕೋಣೆಯೇ ಸಿಗದ ದಸರೆ ಬಿಟ್ಟು. ಮಕ್ಕಳೊಂದಿಗೆ ವಾರವಿಡೀ ಸುಮ್ಮನೆ ಕೂರಬೇಕೆಂದರೆ ಕಾಫಿ ತೋಟದ ನಡುವಿನ ಕೋಣೆಯೇ ಸರಿ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಹವಾಮಾನ ನೋಡಿ ಹೊರಡಿ. 2018ರ ಆಗಸ್ಟ್‌ನ ಭೂಕುಸಿತವನ್ನು ಕೊಡಗು ಇನ್ನೂ ಮರೆತಿಲ್ಲ.